ಕಣ್ಣಿಗೆ ಒತ್ತಿಕೊಂಡ ಕೈ

ಮೊನ್ನೆ ಬೀರು ಒಪ್ಪ ಮಾಡುವಾಗ ಹಳೆಯ ಹ್ಯಾಂಡ್‌ಬ್ಯಾಗಿನ ತಳದಲ್ಲಿ ಜಪಾನಿನ ಊದುಬತ್ತಿಯ ಪೊಟ್ಟಣವೊಂದು ಸಿಕ್ಕಿತು. ನಮ್ಮ ಊದುಬತ್ತಿಯಂತೆ ಘಮ್ಮೆನ್ನುವುದಿಲ್ಲ, ಒಣಮರದ ತೆಳುವಾದ ವಾಸನೆ. ಮೂಗಿಗೆ ಹಿಡಿದದ್ದೇ ತಡ, ಪಕ್ಕದ ಮನೆಯ ಆಂಟಿ ನೆನಪಾದರು...

ಆಸ್ಟ್ರೇಲಿಯಾದ ಅಡಿಲೇಡಿನ ಮಾಡ್ಬರಿ ಬಡಾವಣೆಗೆ ನಾವು ಬಂದಾಗಿನಿಂದ ಪಕ್ಕದ ಮನೆ ಅವರದೇ. ಆಂಟಿ ಮೈಸೂರಿನವರು, ಮಹಾ ಮಾತುಗಾತಿ. ಅವರ ಗಂಡ, ಅಂಕಲ್, ಅವರಿಗಿಂತಲೂ ಒಂದು ಕೈ ಮೇಲು. ಇಬ್ಬರ ಜಗಳ ಬೇಲಿ ದಾಟಿ ನನ್ನ ಅಡುಗೆಮನೆಗೆ ಕೇಳುತ್ತಿತ್ತು, ನನಗೋ ಪುಕ್ಕಟೆ ನಾಟಕ! ಅಂಕಲ್‌ಗೆ ಸ್ಟ್ರೋಕ್ ಆಗಿ ಮಾತು ನಿಂತ ಮೇಲೆ ಆ ಮನೆ ತಣ್ಣಗಾಗಿಬಿಟ್ಟಿತು.

"ಒಂದ್ಸಲ ಬೈದ್ರೂ ಸಾಕು ಕಣೇ," ಎನ್ನುತ್ತಿದ್ದರು ಆಂಟಿ. ಅವರಿಗೆ ಬೇರೇನೂ ಬೇಕಿರಲಿಲ್ಲ.

ಆ ವರ್ಷ ಸ್ಕೂಲ್ ರಜೆಯಲ್ಲಿ ನಾವು ಜಪಾನಿಗೆ ಹೊರಟಾಗ, ಅಪ್ಪನನ್ನು ತಾನು ನೋಡಿಕೊಳ್ಳುತ್ತೇನೆಂದು ಅವರ ಮಗಳು ಆಂಟಿಯನ್ನು ಬಲವಂತವಾಗಿ ನಮ್ಮ ಜೊತೆ ಕಳಿಸಿದಳು. ಒಂದು ದಿನ ನಾರಾ ಎಂಬ ಹಳೆಯ ಊರಿಗೆ ಹೋದೆವು. ಪಾರ್ಕಿನ ತುಂಬ ಜಿಂಕೆಗಳು, ಅದರಾಚೆ ದೊಡ್ಡ ಬುದ್ಧನ ದೇವಸ್ಥಾನ. ಬಾಗಿಲ ಪಕ್ಕ ಕೆಂಪು ಟೋಪಿ ತೊಟ್ಟ ಸನ್ಯಾಸಿಯ ಮರದ ಮೂರ್ತಿ. ನಮಗೆ ಎಲ್ಲಿ ನೋವೋ ಮೂರ್ತಿಯನ್ನು ಅಲ್ಲಿ ಸವರಿ, ಅದೇ ಕೈಯಿಂದ ನಮ್ಮ ಮೈಯಲ್ಲೂ ಅಲ್ಲೇ ಸವರಿಕೊಂಡರೆ ಗುಣವಾಗುತ್ತದಂತೆ. ಎಲ್ಲರೂ ಮಂಡಿ ಸವರುತ್ತಿದ್ದರು. ಆಂಟಿಯ ದೃಷ್ಟಿ ಮಾತ್ರ ಮೂರ್ತಿಯ ಬಾಯಿಯ ಮೇಲೆ.

"ಅರ್ಧಾಂಗಿ ಅಂದ್ಮೇಲೆ ನನ್ ಬಾಯಿ ಮುಟ್ಕೊಂಡ್ರೆ ಅವ್ರಿಗೂ ಆಯ್ತಲ್ವಾ?"

ಬಾಯಿ ಎತ್ತರದಲ್ಲಿತ್ತು, ಆಂಟಿ ಕುಳ್ಳು. ಸೊಂಟ ಹಿಡಿದು ಎತ್ತಿದೆ. ಹೇಗೋ ಮೂರ್ತಿಯ ತುಟಿ ಮುಟ್ಟಿದವರೇ ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡುಬಿಟ್ಟರು! ಹುಟ್ಟಿದಾಗಿನಿಂದ ದೇವರನ್ನು ಮುಟ್ಟಿ ಮಾಡಿದ್ದು ಅದೇ ತಾನೇ? ಪಕ್ಕದಲ್ಲಿದ್ದ ಜಪಾನಿ ಅಜ್ಜಿಯೊಬ್ಬರು ಅಲ್ಲ ಅಲ್ಲ ಎಂದು ಕೈಯಾಡಿಸಿ ತಮ್ಮ ಬಾಯಿ ತೋರಿಸಿದರು. ಆಂಟಿಯ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಎಂಥಾ ಕೆಲ್ಸ ಮಾಡ್ಬಿಟ್ಟೆ!"

"ಬನ್ನಿ ಆಂಟಿ, ಇನ್ನೊಂದ್ಸಲ ಎತ್ತುತ್ತೀನಿ."

"ಬೇಡ. ಕೇಳಿದ್ದನ್ನೇ ಮತ್ತೆ ಕೇಳಿದ್ರೆ ನಂಬಿಕೆ ಇಲ್ಲ ಅಂದ್ಹಂಗೆ."

ಹಠ ಅಂದರೆ ಹಠ. ಪಾರ್ಕಿನಲ್ಲಿ ಜಿಂಕೆಯೊಂದು ಸೆರಗು ಹಿಡಿದು ಜಗ್ಗಿದಾಗಲೂ ಬೈಯದೆ ಬಿಡಿಸಿಕೊಂಡು ಮುಂದೆ ನಡೆದರು. ವಾಪಸು ಬರುವಾಗ ಊದುಬತ್ತಿ ಕೊಂಡು, ನನಗೂ ಒಂದು ಪೊಟ್ಟಣ ಕೊಟ್ಟರು.

ಅಂಕಲ್‌ಗೆ ಮಾತು ಬರಲಿಲ್ಲ, ಕೊನೆಯವರೆಗೂ... ಆದರೆ ಅಡಿಲೇಡಿಗೆ ಮರಳಿ ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಾರು ಕೊಡಲು ಹೋಗಿದ್ದೆ. ಅಂಕಲ್ ಫ್ಯಾನ್ ಕಡೆ ನೋಡಿದರು, ಆಂಟಿ ಎದ್ದು ಆರಿಸಿದರು. ಆಮೇಲೆ ಅಂಕಲ್ ಕಾಫಿ ಲೋಟ ನೋಡಿ ಆಂಟಿಯನ್ನು ಗುರಾಯಿಸಿದರು.

"ಸಕ್ಕರೆ ಹಾಕಲ್ಲ ಅಂದ್ರೆ ಹಾಕಲ್ಲ! ಶುಗರ್ ಎಷ್ಟಿದೆ ಗೊತ್ತೇನ್ರೀ?" ಎಂದು ರೇಗಿದರು ಆಂಟಿ. ಅಂಕಲ್ ಇನ್ನಷ್ಟು ಕಣ್ಣು ಬಿಟ್ಟರು. ಆಂಟಿ ನನ್ನತ್ತ ತಿರುಗಿದರು. ಮುಖದ ತುಂಬ ನಗು, ಕಣ್ಣ ತುಂಬ ನೀರು.

"ಕೇಳಿಸ್ತಾ? ಬೈತಿದಾರೆ ಕಣೇ!"

ಅಂಕಲ್ ಹೋದರು. ಬಹಳ ದಿನ ಕಳೆಯುವ ಮುಂಚೆಯೇ ಆಂಟಿಯೂ ಹೋದರು. ಮೊನ್ನೆ ಆ ಊದುಬತ್ತಿ ಹಚ್ಚಿಟ್ಟು ಅಡುಗೆಮನೆಯ ಕಿಟಕಿ ತೆರೆದೆ. ಬೇಲಿಯಾಚೆ ಈಗ ಹೊಸಬರು, ತುಂಬ ಒಳ್ಳೆಯ ಜನ. ಜಗಳವನ್ನೇ ಆಡುವುದಿಲ್ಲ.