ಭಂಡಾರ ಹಚ್ಚಿದ ಕಂಬಳಿ

ಕೌಜಲಗಿಯಲ್ಲಿ ಹಣಮವ್ವನಷ್ಟು ಸಣ್ಣ ನೂಲು ತೆಗೆಯುವವರು ಇನ್ನೊಬ್ಬರಿಲ್ಲ. ಬೇರೆಯವರು ಹೇಳುವ ಮೊದಲೇ ಇದನ್ನು ಹಣಮವ್ವನೇ ಹೇಳಿಬಿಡುತ್ತಾಳೆ. ದಡ್ಡಿ ಎಂಬ ಊರಿನಿಂದ ಸೊಸೆಯಾಗಿ ಬರುವಾಗ ತವರಿನ ರಾಟೆಯನ್ನೂ ಹೊತ್ತು ತಂದವಳು. ಅವಳು ನೂತು ಕೊಟ್ಟರೆ ಗಂಡ ಸಿದ್ರಾಯ ಕಂಬಳಿ ನೇಯುತ್ತಿದ್ದ. ಗೋಕಾಕ, ಹುಕ್ಕೇರಿಯ ಸಂತೆಗಳಲ್ಲಿ ಅದನ್ನು ಕೇಳಿಕೊಂಡು ಬರುವವರಿದ್ದರು. ಗೋಡೆಯಾಚೆಯ ಮನೆಯ ಕೆಂಚವ್ವ, ಮೈದುನನ ಹೆಂಡತಿ, ಅವಳಿಗೆ ನೂಲಲು ಕಲಿಸಿದವಳೂ ಇವಳೇ.

ಆಮೇಲೆ ಹೊರದೇಶದ ಸರಕಿನ ಮೇಲಿನ ಸುಂಕ ಇಳಿಯಿತು. ಸಮುದ್ರದಾಚೆಯ ಮೆತ್ತನೆಯ ಉಣ್ಣೆ ಬಂತು, ಗಿರಣಿಯ ಹೂವಿನ ಹೊದಿಕೆಗಳು ಸಂತೆ ತುಂಬಿದವು. ನಮ್ಮ ಕುರಿಯ ಉಣ್ಣೆಯನ್ನು ಹೊಲದ ಬದುವಿಗೆ ಎಸೆಯುವ ಕಾಲ ಬಂತು. ಹಣಮವ್ವ ಸಹಿಸಿಕೊಂಡಳು. ಎಲ್ಲರ ಮನೆಯಲ್ಲೂ ಅದೇ ಗತಿಯಾದಾಗ ಸಹಿಸುವುದು ಅಷ್ಟೇನೂ ಕಷ್ಟವಲ್ಲ.

ಸಹಿಸಲಾಗದೆ ಹೋದದ್ದು, ಗೋಕಾಕದ ವ್ಯಾಪಾರಿ ಅಶೋಕ ಕೆಂಚವ್ವನ ಮನೆಯ ಮುಂದೆ ಗಾಡಿ ನಿಲ್ಲಿಸಿದ ದಿನ. ಅಲ್ಲಿ ಬೇವಿನ ನೆರಳಿತ್ತು, ನಿಲ್ಲಿಸಿದ್ದ, ಅಷ್ಟೇ. ಯುರೋಪಿನ ಒಂದು ಅಂಗಡಿಗೆ ಕುರಿಯ ಮೈಬಣ್ಣದ್ದೇ ಕಂಬಳಿ ಬೇಕಾಗಿತ್ತು; ಆ ಕೆಲಸವನ್ನು ಕೆಂಚವ್ವನಿಗೇ ಒಪ್ಪಿಸಿದ. ಗೋಡೆಯ ಈಚೆ ಹಣಮವ್ವನ ರಾಟೆ ನಿಂತೇ ಹೋಯಿತು.

“ಅಲ್ಲಿ ಕಾಯ್ದೆ ಭಾಳ ಬಿಗಿ ಐತ್ರಿ,” ಅಶೋಕ ಹೇಳುತ್ತಿದ್ದ. “ಚೀಟಿಮ್ಯಾಲ ಉಣ್ಣಿ, ನೂಲಿಗೆ ಹಚ್ಚೂ ಹುಣಸಿಬೀಜದ ಗಂಜಿ ಅಂತ ಬರದೇವಿ. ಅಷ್ಟ ಇರಬೇಕು. ಬ್ಯಾರೆ ಬಣ್ಣ, ಪುಡಿ ಚೂರ ಹತ್ತಿದ್ರೂ ಮಾಲ ವಾಪಸ್ ಬರತೈತಿ.”

ಅಂದಿನಿಂದ ಹಣಮವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ತಾನು ಕಲಿಸಿದ ಕೈ! “ಆಕಿ ತಗಿಯೂದು ನೂಲಲ್ಲ, ಹಗ್ಗ,” ಎಂದು ಗಂಡನ ಮುಂದೆ ಹಲ್ಲು ಕಡಿದಳು. “ಗಾಡಿ ಅಲ್ಲಿ ನಿಂತರ ನಾ ಏನ ಮಾಡ್ಲಿ?” ಎಂದು ಸಿದ್ರಾಯ ಮಗ್ಗುಲು ಬದಲಿಸಿದ.

ಕೆಂಚವ್ವನ ಮನೆಯ ಕಂಬಳಿಗಳು ಮಗ್ಗದಿಂದ ಇಳಿದವು. ಹಾಗೆ ಇಳಿದದ್ದಕ್ಕೆ ಕುಲದೇವರು ಬೀರಪ್ಪನ ಭಂಡಾರ, ಅಂದರೆ ಅರಿಶಿನದ ಪುಡಿ, ಮೂಲೆಗೆ ಹಚ್ಚದೆ ಮನೆಯಾಚೆ ಕಳಿಸುವುದು ಅವರಲ್ಲಿ ರೂಢಿಯಿಲ್ಲ. ಕೆಂಚವ್ವ ಬಟ್ಟಲು ಹಿಡಿದು ಗೋಡೆಯ ಹತ್ತಿರ ಬಂದಳು.

“ಅಕ್ಕಾ, ಪುಡಿ ಹತ್ತಬಾರದು ಅಂದಾರ. ಭಂಡಾರ ಹಚ್ಚಲೋ ಬ್ಯಾಡೋ?”

ಪುಡಿ ಹತ್ತಿದರೆ ಮಾಲು ವಾಪಸ್ ಬರುತ್ತದೆಂದು ಹಣಮವ್ವ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳು. ನೀರಿಗೆ ಬಂದ ಹೆಂಗಸರೆಲ್ಲ ಕೇಳುವಂತೆ ದನಿ ಎತ್ತಿದಳು.

“ಭಂಡಾರಕ್ಕ ಪುಡಿ ಅಂತೀಯೇನ? ಅದು ದೇವರು! ಭಂಡಾರ ಇಲ್ಲದ ಕಂಬಳಿ ನಾ ಆಗಿದ್ರ ಹೊಸ್ತಲಾ ದಾಟಿಸ್ತಿದ್ದಿಲ್ಲ.”

ಕೆಂಚವ್ವ ಕೈತುಂಬ ಹಚ್ಚಿದಳು.

ಯುರೋಪಿನಲ್ಲಿ ಪರೀಕ್ಷೆಯಾಯಿತು. ಚೀಟಿಯಲ್ಲಿಲ್ಲದ ಬಣ್ಣ ಎಂದರು. ಮಾಲು ಬಂದ ಹಡಗಿನ ದಾರಿಯಲ್ಲೇ ತಿರುಗಿತು. ಆ ದಿನ ಹಣಮವ್ವ ಹೊಟ್ಟೆ ತುಂಬ ಉಂಡಳು.

ಅಂಗಡಿಯವರು ಇನ್ನೊಮ್ಮೆ ಕಳಿಸಿ ಎಂದಾಗ ಅಶೋಕ ಮತ್ತೆ ಬಂದ. ಕೆಂಚವ್ವ ಜಪ್ಪಯ್ಯ ಅನ್ನಲಿಲ್ಲ. “ಭಂಡಾರ ಬಿಟ್ಟು ನಾ ಕೊಡೂದಿಲ್ರಿ. ಅಕ್ಕ ನೆನಪ ಮಾಡಿ ಉಳಿಸ್ಯಾಳ ನನ್ನ.”

ಅಶೋಕ ಗೋಡೆಯ ಈಚೆ ತಿರುಗಿದ. ರಾಟೆಯ ಮೇಲಿನ ಎಳೆಯನ್ನು ಬೆರಳಲ್ಲಿ ಹಿಡಿದು ನೋಡಿದ. “ಏನ್ ನೂಲ್ರಿ ಇದು! ಮೊದಲ ನಿಮ್ಮ ಮನಿಗೇ ಬರಬೇಕಿತ್ತ ನಾ. ನೀವರೆ ಮಾಡಿಕೊಡ್ರಿ ಅಕ್ಕಾರ, ಭಂಡಾರ ಒಂದ ಬ್ಯಾಡ.”

ಇಷ್ಟು ವರ್ಷ ಕಾದ ಮಾತು. ಹೂಂ ಅನ್ನಲು ಹಣಮವ್ವನ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಕೆಂಚವ್ವ ಹೆಮ್ಮೆಯಿಂದ ನಕ್ಕಳು.

“ಯಾರನ್ನ ಕೇಳಾಕತ್ತೀರಿ? ನಮ್ಮಕ್ಕ ಸತ್ರೂ ಒಪ್ಪೂದಿಲ್ಲ. ಊರ ಮಂದಿ ಮುಂದ ಹೇಳ್ಯಾಳ.”

ನೀರಿಗೆ ಬಂದ ಹೆಂಗಸರು ಕೊಡ ಹೊತ್ತುಕೊಂಡು ನಿಂತು ನೋಡುತ್ತಿದ್ದರು. ಹಣಮವ್ವ ಬಾಯಿ ಮುಚ್ಚಿ, ಒಪ್ಪುವುದಿಲ್ಲವೆಂದು ತಲೆಯಾಡಿಸಿದಳು.

ಗಾಡಿ ಮೂಡಲಗಿಯ ದಾರಿ ಹಿಡಿಯಿತು. ಅಲ್ಲಿ ಯಾರ ಮನೆಯ ಮುಂದೆ ನಿಲ್ಲುತ್ತದೋ, ಅವಳ ಹೆಸರೂ ಗೊತ್ತಿಲ್ಲದೆ ಹಣಮವ್ವನ ಹೊಟ್ಟೆ ಆಗಲೇ ಉರಿಯತೊಡಗಿತ್ತು.