ಐದು ಗಂಟೆಗೆ ಮುಚ್ಚಿದ ಮತಗಟ್ಟೆ

ಓಜೆಲ್ಲಾ ಬ್ರಾಡ್ನಾಕ್ಸ್ ಒಮ್ಮೆ ತನ್ನ ಸ್ವಂತ ಅಣ್ಣನನ್ನೇ ಮತಗಟ್ಟೆಯ ಬಾಗಿಲಲ್ಲಿ ತಡೆದು, ಅಂಗಿ ತಿರುಗಿಸಿ ಹಾಕಿಕೊಂಡು ಬಾ ಎಂದು ಕಳಿಸಿದ್ದಳು. ಅಂಗಿಯ ಎದೆಯ ಮೇಲೆ ಒಬ್ಬ ಅಭ್ಯರ್ಥಿಯ ಹೆಸರಿತ್ತು. ಬಾಗಿಲಿನಿಂದ ನೂರೈವತ್ತು ಅಡಿಯೊಳಗೆ ಪ್ರಚಾರ ಕೂಡದು ಎಂದು ನಿಯಮ. ಅಣ್ಣ ಕಾರಿನ ಮರೆಯಲ್ಲಿ ಗೊಣಗುತ್ತ ಅಂಗಿಯ ಒಳಮೈಯನ್ನು ಹೊರಗೆ ಮಾಡಿ ಹಾಕಿಕೊಂಡು ಬಂದು ಮತ ಹಾಕಿದ. ಟಾರ್ವರ್ ಕೌಂಟಿ ಎಂಬ ಆ ಜಿಲ್ಲೆಯಲ್ಲಿ ಕಪ್ಪು ಜನರೇ ಹೆಚ್ಚಾಗಿದ್ದ ಪೂರ್ವದ ಬೀದಿಗಳಲ್ಲಿ ಈ ಕಥೆ ಗೊತ್ತಿಲ್ಲದವರಿರಲಿಲ್ಲ. ಚರ್ಚಿನ ಊಟದಲ್ಲಿ ಯಾರಾದರೂ ಇದನ್ನು ತೆಗೆದರೆ, ಬದುಕಿದ್ದಷ್ಟು ದಿನ ಅಣ್ಣನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಓಜೆಲ್ಲಾ ಇಪ್ಪತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆ ನಡೆಸಿದವಳು. ಊರಿನ ಅರ್ಧ ಜನ ಅವಳ ಕೈಯ ಜೋಳದ ರೊಟ್ಟಿ ತಿಂದು ಬೆಳೆದವರು. ಹಾಗಾಗಿ ನಲವತ್ತು ದಾಟಿದ ಗಂಡಸರೂ ಅವಳನ್ನು ಮಿಸ್ ಓಜೆಲ್ಲಾ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದ ಮೇಲೆ ಮುಂಗಡ ಮತದಾನದ ಕೆಲಸ ಹಿಡಿದಳು. ಮುಚ್ಚಿಹೋದ ಶಾಲೆಯ ವ್ಯಾಯಾಮಶಾಲೆಯಲ್ಲಿ ಅವಳ ಮತಗಟ್ಟೆ. ಚುನಾವಣೆಗೆ ಮುಂಚಿನ ಹದಿನೇಳು ದಿನ ಜನ ತಮಗೆ ಬಿಡುವಾದಾಗ ಬಂದು ಮತ ಹಾಕಬಹುದು. ಬೆಳಿಗ್ಗೆ ಯಂತ್ರ ಸೊನ್ನೆ ತೋರಿಸುತ್ತಿದೆಯೇ ಎಂದು ಇಬ್ಬರು ನೋಡಿ ಸಹಿ ಹಾಕಬೇಕು, ಸಂಜೆ ಪೆಟ್ಟಿಗೆಯ ಸೀಲಿನ ನಂಬರನ್ನು ದಿನಚರಿಯಲ್ಲಿ ಬರೆಯಬೇಕು. ನಡೆಯಲಾಗದವರು ಬಂದರೆ ಮತಪತ್ರವನ್ನು ಕಾರಿನ ಬಳಿಗೇ ಒಯ್ಯಬೇಕು. ಹದಿನಾಲ್ಕು ವರ್ಷದಲ್ಲಿ ಇದರಲ್ಲಿ ಒಂದೂ ಅವಳ ಕೈಯಲ್ಲಿ ತಪ್ಪಿರಲಿಲ್ಲ.

ಅವಳ ಈ ಹಟಕ್ಕೆ ಕಾರಣ ಅವಳ ತಾಯಿ. ತಾಯಿ ಪ್ರಾಯದಲ್ಲಿದ್ದಾಗ ಮತದಾರರ ಪಟ್ಟಿಗೆ ಹೆಸರು ಬರೆಸಲು ಐದು ಸಲ ಕೋರ್ಟು ಕಟ್ಟಡಕ್ಕೆ ಹೋಗಿದ್ದಳು. ಒಂದು ದಿನ ಪುಸ್ತಕ ಇಲ್ಲ ಎಂದರು, ಇನ್ನೊಂದು ದಿನ ಗುಮಾಸ್ತ ಇಲ್ಲ ಎಂದರು. ಐದನೇ ಸಲ ಗುಮಾಸ್ತನೇ ಇದ್ದ. ಬೆಳಿಗ್ಗೆ ಹತ್ತೂವರೆಗೆ ಊಟದ ಹೊತ್ತಾಯಿತು ಎಂದು ಅವಳ ಮುಖದೆದುರೇ ಕಿಟಕಿ ಎಳೆದುಕೊಂಡ. "ಅಲ್ಲಿ ನಿಯಮ ಅನ್ನೋದೇ ಇರಲಿಲ್ಲ ಕಣೇ, ಅವನ ಬಾಯಿಗೆ ಬಂದದ್ದೇ ನಿಯಮ," ಎಂದು ತಾಯಿ ಹೇಳುತ್ತಿದ್ದಳು. ಅಚ್ಚಾದ ನಿಯಮ ಇದ್ದರೆ ಯಾರೂ ಯಾರ ಮುಖ ನೋಡಿ ಕಿಟಕಿ ಮುಚ್ಚಲಾರರು ಎಂದು ಓಜೆಲ್ಲಾ ನಂಬಿದ್ದಳು.

ಅವಳ ಆ ಹದಿನಾಲ್ಕನೇ ವರ್ಷದ ಆಗಸ್ಟಿನಲ್ಲಿ ಕೌಂಟಿಯ ಚುನಾವಣಾ ಮಂಡಳಿ ಒಂದು ತೀರ್ಮಾನ ಮಾಡಿತು. ಮುಂಗಡ ಮತದಾನದ ಕೊನೆಯ ಶುಕ್ರವಾರ ಮತಗಟ್ಟೆಗಳು ಏಳಕ್ಕಲ್ಲ, ಐದಕ್ಕೇ ಮುಚ್ಚುತ್ತವೆ. ಬೇರೆ ದಿನಗಳಲ್ಲಿ ಅವು ಮುಚ್ಚುತ್ತಿದ್ದದ್ದೇ ಐದಕ್ಕೆ, ಶನಿವಾರ ಭಾನುವಾರ ಆಗಿನ್ನೂ ತೆರೆಯುತ್ತಿರಲಿಲ್ಲ. ಸಭೆ ನಡೆದದ್ದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಪೂರ್ವದ ಬೀದಿಯವರಲ್ಲಿ ಮುಕ್ಕಾಲು ಪಾಲು ಜನ ಕೋಳಿ ಕಾರ್ಖಾನೆಯವರು. ಆ ಹೊತ್ತಿನಲ್ಲಿ ಕೈಯಲ್ಲಿ ಚಾಕು ಹಿಡಿದು ಸಾಲಿನಲ್ಲಿ ನಿಂತಿದ್ದರು. ಓಜೆಲ್ಲಾ ಮಾತ್ರ ಸಭೆಯ ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ಕಾರ್ಖಾನೆಯ ಹಗಲು ಪಾಳಿ ಬಿಡುವುದು ನಾಲ್ಕೂವರೆಗೆ, ಬಸ್ಸು ಊರು ಮುಟ್ಟುವಾಗ ಐದಾಗುತ್ತದೆ, ಅವರೆಲ್ಲ ಕೊನೆಯ ಶುಕ್ರವಾರವೇ ಬರುತ್ತಾರೆ ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಯಾರಿಗಾದರೂ ಮಾತಾಡುವುದಿದೆಯೇ ಎಂದು ಅಧ್ಯಕ್ಷ ವೆಂಡಲ್ ಸ್ಟ್ರಿಕ್‌ಲ್ಯಾಂಡ್ ಕೇಳಿದ. ಮಂಡಳಿಯ ಕೆಲಸದವಳು ಮಂಡಳಿಯೆದುರು ಬಾಯಿ ಹಾಕುವುದು ಸರಿಯಲ್ಲ ಎಂದು ಓಜೆಲ್ಲಾ ಸುಮ್ಮನೆ ಕೂತಳು. ಮುಂದೆ ಅವಳು ಎಲ್ಲಕ್ಕಿಂತ ಹೆಚ್ಚು ನೆನೆದುಕೊಂಡದ್ದು ಆ ಸುಮ್ಮನಿದ್ದ ಗಳಿಗೆಯನ್ನು.

ಹಾಗಂತ ಕೈಕಟ್ಟಿ ಕೂರಲಿಲ್ಲ. ಹೊಸ ಸಮಯವನ್ನು ದಪ್ಪ ಅಕ್ಷರದಲ್ಲಿ ಬರೆದು ಚರ್ಚಿನಲ್ಲಿ, ಕ್ಷೌರದಂಗಡಿಯಲ್ಲಿ, ಕಾರ್ಖಾನೆಯ ಬಸ್ ನಿಲ್ಲುವಲ್ಲಿ ಅಂಟಿಸಿದಳು. ಅಣ್ಣನ ಮಗಳು ನಡೀನ್ ಅದೇ ಕಾರ್ಖಾನೆಯಲ್ಲಿ ಇದ್ದಳು. ಅವಳು ಮೇಲಿನವನನ್ನು ಕಾಡಿ ಬೇಡಿ, ಆ ಶುಕ್ರವಾರ ಮೂವತ್ತೊಂದು ಜನಕ್ಕೆ ಹತ್ತು ನಿಮಿಷ ಮುಂಚೆ ಬಿಡುವಂತೆ ಮಾಡಿಕೊಂಡಳು.

ಆ ಸಲ ಕೌಂಟಿಯ ಆಡಳಿತ ಸಮಿತಿಗೆ ಅವರ ಬೀದಿಯ ನಿವೃತ್ತ ಅಂಚೆಯವನು ಆಲ್ಟನ್ ಪೆಟ್‌ವೇ ನಿಂತಿದ್ದ. ಪೂರ್ವದ ಬೀದಿಗಳ ಹಿಂದಿನ ಬಯಲಿನಲ್ಲಿ ಮೂರು ಕೌಂಟಿಗಳ ಕಸ ಸುರಿಯುವ ಗುಂಡಿ ತೋಡುವ ಯೋಜನೆ ಇತ್ತು. ಅದನ್ನು ತಡೆಯುತ್ತೇನೆ ಎನ್ನುವುದೊಂದೇ ಅವನ ಭಾಷಣ.

ಶುಕ್ರವಾರ ನಾಲ್ಕು ಐವತ್ತೈದಕ್ಕೆ ಓಜೆಲ್ಲಾ ಬಾಗಿಲಿಗೆ ಬಂದು ನಿಂತಳು. ಎದುರಿನ ರಸ್ತೆಯಾಚೆ ರೈಲು ಹಳಿ. ಗೂಡ್ಸ್ ರೈಲೊಂದು ಹಳಿಯ ಮೇಲೆ ತೆವಳುತ್ತಿತ್ತು. ಡಬ್ಬಿ ಡಬ್ಬಿಯ ನಡುವಿನ ಸಂದಿಯಲ್ಲಿ ಆಚೆ ನಿಂತ ಕಾರ್ಖಾನೆಯ ಬಿಳಿ ಬಸ್ಸು ಕಾಣುತ್ತಿತ್ತು, ಮರೆಯಾಗುತ್ತಿತ್ತು. ಬಸ್ಸಿನವರಲ್ಲಿ ಕೆಲವರು ಆಗಲೇ ಕೆಳಗಿಳಿದು ಹಳಿಯ ಪಕ್ಕ ನಿಂತಿದ್ದರು.

ಮುಚ್ಚುವ ಹೊತ್ತಿಗೆ ಸಾಲಿನಲ್ಲಿ ಇರುವವರೆಲ್ಲ ಮತ ಹಾಕಬಹುದು. ಸಾಲಿನ ಕೊನೆಯವರ ಹಿಂದೆ ಒಬ್ಬ ಸಿಬ್ಬಂದಿ ಹೋಗಿ ನಿಲ್ಲಬೇಕು, ಅವರಾಚೆ ಯಾರನ್ನೂ ಸೇರಿಸಬಾರದು. ಆ ಕೆಲಸ ಎಪ್ಪತ್ತೆರಡರ ಲೂಷಿಯಸ್‌ನದು.

ಅವನು ರೈಲನ್ನು ನೋಡಿದ, ಅವಳನ್ನು ನೋಡಿದ. "ಮಿಸ್ ಓಜೆಲ್ಲಾ, ನನ್ನ ಮಂಡಿ ಇವತ್ತು ಹಠ ಮಾಡ್ತಿದೆ. ಸಾಲಿನ ಕೊನೆಗೆ ಹೋಗಿ ನಿಲ್ಲೋಕೆ ಹತ್ತು ನಿಮಿಷ ಬೇಕಾಗ್ಬಹುದು."

"ಸಾಲಲ್ಲಿ ಇರೋದೇ ಇಬ್ಬರು, ಲೂಷಿಯಸ್."

"ಅದಕ್ಕೇ ಹೇಳ್ದೆ."

"ಇವತ್ತು ನಮ್ಮೋರಿಗೆ ಹತ್ತು ನಿಮಿಷ ಬಿಟ್ರೆ, ನಾಳೆ ಇನ್ಯಾರೋ ನಮ್ಮೋರಿಗೆ ಹತ್ತು ನಿಮಿಷ ಮುಂಚೆ ಬಾಗಿಲು ಹಾಕ್ತಾರೆ. ಹೋಗಿ ನಿಂತ್ಕೋ."

ಲೂಷಿಯಸ್ ಹೋಗಿ ನಿಂತ. ನೋಂದಣಿ ಕಂಪ್ಯೂಟರಿನ ಗಡಿಯಾರ ಐದು ತೋರಿಸಿದಾಗ ಓಜೆಲ್ಲಾ ಹೊರಗೆ ಬಂದು, ಖಾಲಿ ಅಂಗಳದ ಕಡೆಗೆ ಮುಖ ಮಾಡಿ, ನಿಯಮದಂತೆ ಗಟ್ಟಿಯಾಗಿ ಸಾರಿದಳು: "ಮತದಾನ ಮುಗಿದಿದೆ."

ಬಸ್ಸು ಬಂದದ್ದು ಐದು ಏಳಕ್ಕೆ. ಎಲ್ಲರಿಗಿಂತ ಮುಂದೆ ನಡೀನ್ ಓಡಿಬಂದಳು. ಕಾಲಲ್ಲಿ ಇನ್ನೂ ಕಾರ್ಖಾನೆಯ ರಬ್ಬರ್ ಬೂಟು.

"ಅತ್ತೆ, ನಾವು ಅಲ್ಲೇ ಇದ್ವಿ. ನೀವು ನೋಡಿದ್ರಿ."

"ನೋಡಿದೆ."

"ಮತ್ತೆ?"

"ಐದಕ್ಕೆ ಸಾಲಲ್ಲಿ ಇರಬೇಕಿತ್ತು, ನಡೀನ್. ಮಂಗಳವಾರ ಚುನಾವಣೆ ದಿನ ಬನ್ನಿ, ಬೆಳಿಗ್ಗೆ ಆರೂವರೆಗೇ ತೆಗೀತಾರೆ."

"ಆರೂವರೆಗೆ ನಾವು ಆಗ್ಲೇ ಕೋಳಿ ಕಡೀತಿರ್ತೀವಿ. ಮಂಗಳವಾರ ಡಬಲ್ ಪಾಳಿ. ರಜೆ ಕೇಳಿದವರ ಹೆಸರು ಬರ್ಕೊಳ್ತಾರೆ. ನಿಮಗೆ ಇದೆಲ್ಲ ಗೊತ್ತು."

ಹಿಂದೆ ನಿಂತವರಲ್ಲಿ ಒಬ್ಬ, "ಬಿಡಮ್ಮ, ಅವರು ಸ್ವಂತ ಅಣ್ಣನ ಅಂಗಿ ಬಿಚ್ಚಿಸಿದವರು," ಎಂದ. ಈ ಸಲ ಯಾರೂ ನಗಲಿಲ್ಲ.

ನಡೀನ್ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು: "ಅಜ್ಜಿ ಮುಖದೆದುರು ಕಿಟಕಿ ಎಳೆದವನು ಬಿಳಿಯ ಗುಮಾಸ್ತ. ಅವಳಿಗೆ ಬೈಯೋಕಾದ್ರೂ ಒಬ್ಬ ಸಿಕ್ಕಿದ್ದ. ನಾನು ಯಾರನ್ನ ಬೈಲಿ, ಅತ್ತೆ?"

ಮಂಗಳವಾರ ಆ ಮೂವತ್ತೊಂದರಲ್ಲಿ ನಾಲ್ವರು ಬಂದರು. ಆಲ್ಟನ್ ಪೆಟ್‌ವೇ ಹತ್ತೊಂಬತ್ತು ಮತಗಳಿಂದ ಸೋತ. ಬಸ್ಸಿನವರೆಲ್ಲ ಅವನಿಗೇ ಹಾಕುತ್ತಿದ್ದರೆಂದು ಯಾರು ಹೇಳಬಲ್ಲರು ಎಂದು ಓಜೆಲ್ಲಾ ತನಗೆ ತಾನೇ ಹೇಳಿಕೊಂಡಳು. ಆಲ್ಟನ್ ಅವಳ ಮನೆಯ ಜಗಲಿಗೆ ಬಂದು, "ನೀವೇನೂ ತಪ್ಪು ಮಾಡಿಲ್ಲ, ಮಿಸ್ ಓಜೆಲ್ಲಾ," ಎಂದು ಹೇಳಿ, ಅವಳು ಕೊಟ್ಟ ಚಹಾ ಮುಟ್ಟದೆ ಹೋದ. ಅವನು ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

ಚುನಾವಣೆಯ ಮುಂದಿನ ವಾರ ಕಾಗದಪತ್ರ ಒಪ್ಪಿಸಲು ಕೌಂಟಿ ಕಚೇರಿಗೆ ಹೋದಾಗ, ಮೇಜಿನ ಮೇಲೆ ಸರೋವರದ ಬದಿಯ ಮತಗಟ್ಟೆಯ ದಿನಚರಿ ತೆರೆದಿತ್ತು. ಆ ಕಡೆ ದೊಡ್ಡ ಮನೆಗಳು, ದೋಣಿಗಳು, ಗಾಲ್ಫ್ ಮೈದಾನ. ಶುಕ್ರವಾರದ ಪುಟದಲ್ಲಿ ಕೊನೆಯ ಮತದಾರ ಸಾಲಿಗೆ ಸೇರಿದ ಹೊತ್ತು ಐದು ಇಪ್ಪತ್ತನಾಲ್ಕು ಎಂದು ಬರೆದಿತ್ತು. ಐದರ ನಂತರ ಬಂದವರು ನಲವತ್ತೊಂದು ಜನ. ಓಜೆಲ್ಲಾ ಎರಡು ಸಲ ಓದಿದಳು. ಆ ಮತಗಟ್ಟೆ ನಡೆಸುವ ಕ್ಯಾರಲಿನ್ ಹೋವರ್ಟನ್ ಅಲ್ಲೇ ಕಾಫಿ ಕುಡಿಯುತ್ತಿದ್ದಳು.

"ಅಯ್ಯೋ ಓಜೆಲ್ಲಾ, ಜನ ಇನ್ನೂ ಕಾರು ನಿಲ್ಲಿಸ್ತಾ ಇದ್ರು. ಪಾಪ, ಮುಖಕ್ಕೆ ಬಾಗಿಲು ಹಾಕೋಕೆ ಮನಸ್ಸು ಬರುತ್ತಾ?" ಎಂದಳು. ಅವಳ ದನಿಯಲ್ಲಿ ಕೆಡುಕಿರಲಿಲ್ಲ. ನಿಯಮ ಸಡಿಲಿಸಿದರೆ ಯಾರಾದರೂ ಕೇಳಬಹುದು ಎಂಬ ಯೋಚನೆಯೇ ಅವಳಿಗೆ ಎಂದೂ ಬಂದಿರಲಿಲ್ಲ.

ಓಜೆಲ್ಲಾ ದೂರು ಬರೆದು ಕೊಟ್ಟಳು. ಮಂಡಳಿ ಸಭೆ ಕರೆಯಿತು. ವೆಂಡಲ್ ಸ್ಟ್ರಿಕ್‌ಲ್ಯಾಂಡ್ ಕನ್ನಡಕ ತೆಗೆದು ಬಹಳ ಮರ್ಯಾದೆಯಿಂದ ಮಾತಾಡಿದ. "ಆ ನಲವತ್ತೊಂದು ಮತ ಈಗ ಪೆಟ್ಟಿಗೆಯಲ್ಲಿವೆ, ಮಿಸ್ ಬ್ರಾಡ್ನಾಕ್ಸ್. ಯಾವುದರ ಮೇಲೂ ಹೆಸರಿಲ್ಲ. ಯಾವುದನ್ನು ತೆಗೆಯೋದು, ಯಾವುದನ್ನು ಬಿಡೋದು? ಮುಂದಿನ ಸಲ ತರಬೇತಿ ಕೊಡ್ತೀವಿ."

"ಹಾಗಾದ್ರೆ ನನ್ನ ಮೂವತ್ತೊಂದು ಜನ?"

"ಅವರು ಮತ ಹಾಕಲೇ ಇಲ್ಲವಲ್ಲ. ಇಲ್ಲದ ಮತಾನ ನಾವು ಎಣಿಸೋದು ಹೇಗೆ?"

ಆಮೇಲೆ ಅವನು ಒಂದು ಹಾಳೆ ಎತ್ತಿಕೊಂಡ. ಇಡೀ ಕೌಂಟಿಯಲ್ಲಿ ನಿಯಮವನ್ನು ಅಕ್ಷರಶಃ ಪಾಲಿಸಿದ ಮತಗಟ್ಟೆ ಪೂರ್ವದ್ದೇ ಎಂದು ಹೇಳಿ, ಚೌಕಟ್ಟು ಹಾಕಿಸಿದ ಪ್ರಶಸ್ತಿಪತ್ರವನ್ನು ಅವಳ ಕೈಗೆ ಕೊಟ್ಟ. ಇದ್ದವರು ಚಪ್ಪಾಳೆ ತಟ್ಟಿದರು. ಓಜೆಲ್ಲಾ ಅದನ್ನು ತೆಗೆದುಕೊಂಡಳು. ಏಕೆ ತೆಗೆದುಕೊಂಡೆ ಎಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ. ಮನೆಗೆ ಬಂದವಳೇ ಚೌಕಟ್ಟು ಬಿಚ್ಚಿ, ಹಾಳೆಯನ್ನು ಹರಿದು ನಾಲ್ಕು ಚೂರು ಮಾಡಿ ಒಲೆಯ ಪಕ್ಕದ ಕಸದ ಡಬ್ಬಿಗೆ ಹಾಕಿದಳು.

ಜನವರಿಯಲ್ಲಿ ಆಡಳಿತ ಸಮಿತಿ ಕಸದ ಗುಂಡಿಗೆ ಒಪ್ಪಿಗೆ ಕೊಟ್ಟಿತು: ಮೂವರು ಪರ, ಇಬ್ಬರು ವಿರೋಧ. ಮುಂದಿನ ವರ್ಷ ಚುನಾವಣಾ ಮಂಡಳಿ ಪೂರ್ವದ ಮತಗಟ್ಟೆಯನ್ನೇ ತೆಗೆದುಹಾಕಿತು. ಕಾರಣ ಓದಿ ಹೇಳಿದರು: ದಿನಚರಿಯ ಪ್ರಕಾರ ಕೊನೆಯ ಶುಕ್ರವಾರ ಐದರ ನಂತರ ಸಾಲಿಗೆ ಸೇರಿದವರು ಸರೋವರದ ಬದಿಯಲ್ಲಿ ನಲವತ್ತೊಂದು ಜನ, ಪೂರ್ವದಲ್ಲಿ ಒಬ್ಬರೂ ಇಲ್ಲ, ಜನಕ್ಕೆ ಎಲ್ಲಿ ಬೇಕೋ ಅಲ್ಲಿ ಮತಗಟ್ಟೆ ಇಡಬೇಕು. ಪೂರ್ವದ ಆ ಸೊನ್ನೆಯನ್ನು ಬರೆದು ಸಹಿ ಹಾಕಿದ ಕೈ ಓಜೆಲ್ಲಾಳದೇ.

ಆ ದಿನ ಅವಳು ಎದ್ದು ನಿಂತು ಮಾತಾಡಿದಳು. ರೈಲು, ಬಸ್ಸು, ಆಗಸ್ಟಿನ ಸಭೆ, ಎಲ್ಲವನ್ನೂ ಹೇಳಹೊರಟಳು. ಒಬ್ಬೊಬ್ಬರಿಗೆ ಮೂರು ನಿಮಿಷ. ಬಸ್ಸಿನವರೆಗೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. "ಹೊತ್ತಾಯ್ತು, ಮಿಸ್ ಬ್ರಾಡ್ನಾಕ್ಸ್," ಎಂದ ಅಧ್ಯಕ್ಷ. ಅವಳು ಕೂರಲಿಲ್ಲ. ಮೈಕಿನ ಸದ್ದು ನಿಲ್ಲಿಸಿದರು. ಮೈಕಿಲ್ಲದೆಯೇ ಮುಂದುವರಿಸಿದಳು. ಪೊಲೀಸ್ ಬಂದು ಮೊಣಕೈ ಹಿಡಿದಾಗ, ಹದಿನಾಲ್ಕು ವರ್ಷ ಮತಗಟ್ಟೆಯಲ್ಲಿ ಕೊರಳಿಗೆ ಹಾಕಿಕೊಂಡಿದ್ದ ಗುರುತಿನ ಚೀಟಿಯನ್ನು ಕಳಚಿ ಮುಂದಿನ ಸಾಲಿನ ಖಾಲಿ ಕುರ್ಚಿಯ ಮೇಲಿಟ್ಟು ನಡೆದಳು.

ಈಗ ಚುನಾವಣೆ ಬಂತೆಂದರೆ ಓಜೆಲ್ಲಾ ತನ್ನ ಹಳೆಯ ಬ್ಯೂಕ್ ಕಾರಿನಲ್ಲಿ ಜನರನ್ನು ಹದಿನಾಲ್ಕು ಮೈಲಿ ದೂರದ ಸರೋವರದ ಬದಿಗೆ ಕರೆದೊಯ್ಯುತ್ತಾಳೆ, ಒಂದು ಸಲಕ್ಕೆ ನಾಲ್ವರು. ಬರುವವರು ಕಡಿಮೆ. ಕೆಲವರು ಅವಳ ಕಾರು ಕಂಡರೆ ಮನೆಯೊಳಗೇ ಉಳಿಯುತ್ತಾರೆ. ನಡೀನ್ ಎರಡು ವರ್ಷ ಅವಳೊಂದಿಗೆ ಮಾತು ಬಿಟ್ಟಿದ್ದಳು. ಹೋದ ಅಕ್ಟೋಬರಿನಲ್ಲಿ ಒಂದು ಭಾನುವಾರ ಚರ್ಚು ಬಿಟ್ಟ ಮೇಲೆ ತಾನಾಗಿ ಬಂದು, ಮುಂದಿನ ಸೀಟು ಖಾಲಿಯಿದ್ದರೂ ಹಿಂದೆ ಕೂತಳು. ಓಜೆಲ್ಲಾ ಗಾಡಿ ಹೊರಡಿಸಿದಳು. ಬಯಲಿನ ತಿರುವಿನಲ್ಲಿ ಕಸದ ಲಾರಿಗಳು ಸಾಲಾಗಿ ನಿಂತಿದ್ದವು.

"ಕಿಟಕಿ ಹಾಕ್ತೀನಿ," ಎಂದಳು ನಡೀನ್. "ವಾಸನೆ."

"ಹಾಕು."

ನಡೀನ್ ಕಿಟಕಿಯ ಗಾಜು ಏರಿಸಿದಳು. ಮುಂದೆ ಇನ್ನೂ ಹನ್ನೆರಡು ಮೈಲಿ ಇತ್ತು.