ಘನತೆಗೆ ಇಪ್ಪತ್ತು ಅಂಕ

ನಮ್ಮ ಆರೈಕೆ ನಿಲಯದಲ್ಲಿ ಎಲ್ಲರೂ ಅವರನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದರು. ಗಾಲಿಕುರ್ಚಿ ಓಡಿಸುವವಳು ನಾನು, ಬಿರುದು ಮಾತ್ರ ಅವರದು. ಊಟದ ಕೋಣೆಗೆ ತಳ್ಳಿಕೊಂಡು ಹೋಗುವಾಗ ಕೂತಲ್ಲಿಂದಲೇ ಹುಕುಂ ಚಲಾಯಿಸುತ್ತಿದ್ದರು: ತಿರುವಿನಲ್ಲಿ ನಿಧಾನ, ಬಾಗಿಲ ಹತ್ತಿರ ಹಾರ್ನ್ ಮಾಡು, ಎದುರಿಗೆ ನೀರಿನ ಬಕೆಟ್ ಬರುತ್ತಿದೆ ಸೈಡ್ ಕೊಡು. ನಾನು ಆಗಷ್ಟೇ ಆಯಾ ಕೆಲಸಕ್ಕೆ ಸೇರಿದ್ದೆ, ನನಗೋ ಮೂಗಿನ ತುದಿಯಲ್ಲೇ ಕೋಪ. ಅಷ್ಟು ಅವಸರವಿದ್ದರೆ ಇಳಿದು ನಡೆದುಕೊಂಡು ಹೋಗಿ ಎಂದು ಒಂದು ದಿನ ಬಾಯಿ ತಪ್ಪಿ ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆವತ್ತಿನಿಂದ ನಾನು ಅವರಿಗೆ ತಂಗಿಯಾದೆ.

ಸೊಂಟದಿಂದ ಕೆಳಗೆ ಅವರಿಗೆ ಸ್ಪರ್ಶವೇ ಇರಲಿಲ್ಲ. ಹಗಲೆಲ್ಲ ರಸ್ತೆ ಕಡೆಯ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಲಾರಿಯ ಸದ್ದು ಕೇಳಿಯೇ ಅದು ಖಾಲಿಯೋ ಲೋಡೋ ಹೇಳುತ್ತಿದ್ದರು, ಗೇರು ಕಿರುಗುಟ್ಟಿಸಿದವನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಪಕ್ಕದ ಹಾಸಿಗೆಯವರು ನರಳಿದರೆ ಅವರನ್ನೂ ಗದರಿ, ಆಮೇಲೆ ತಮ್ಮ ಪಾಲಿನ ಬಿಸಿನೀರನ್ನು ಅವರಿಗೆ ಕೊಡಿಸುತ್ತಿದ್ದರು. ಅವರನ್ನು ನೋಡಲು ಮಾತ್ರ ಯಾರೂ ಬರುತ್ತಿರಲಿಲ್ಲ. ಮಗಳೊಬ್ಬಳಿದ್ದಾಳೆ ಎಂದು ನನಗೆ ತಿಳಿದದ್ದೇ ತಡವಾಗಿ.

ಆ ಮಗಳನ್ನು ಪೇಟೆಬೀದಿಯ ಬಣ್ಣದ ಅಂಗಡಿಯವರ ಮನೆಗೆ ಕೊಟ್ಟಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಬೀಗರ ಬಣ್ಣದ ಡಬ್ಬಗಳನ್ನು ಬೀಗರದೇ ಲಾರಿಯಲ್ಲಿ ಇವರು ಸಾಗಿಸುತ್ತಿದ್ದರು. ಅಳಿಯನ ತಮ್ಮನಿಗೆ ಓದು ತಲೆಗೆ ಹತ್ತಿರಲಿಲ್ಲ, ಲಾರಿಯಾದರೂ ಕಲಿಯಲಿ ಎಂದು ಬೀಗಿತ್ತಿಯೇ ಅವನನ್ನು ಜೊತೆಗೆ ಕಳಿಸಿದ್ದರು. ಒಂದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಲಾರಿ ಮಗುಚಿತು. ಆ ಯುವಕ ಅಲ್ಲೇ ಹೋದ, ಡ್ರೈವರಣ್ಣ ಅರ್ಧ ಉಳಿದರು.

ಬೀಗಿತ್ತಿ ಸೊಸೆಯನ್ನು ಹೊರಗೆ ಹಾಕಲಿಲ್ಲ, ಬಯ್ಯಲೂ ಇಲ್ಲ. ಒಂದೇ ಮಾತು ಹೇಳಿದರಂತೆ. "ಆ ಮನುಷ್ಯ ಸತ್ತ ದಿನ ಹೋಗಿ ಮುಖ ನೋಡ್ಕೊಂಡು ಬಾ, ನಾನು ಬೇಡ ಅನ್ನಲ್ಲ. ಅಲ್ಲಿವರೆಗೂ ಆ ಕಡೆ ಕಾಲಿಟ್ರೆ ವಾಪಸ್ ಬರಬೇಡ." ಮಗಳಿಗೆ ಎರಡು ಪುಟ್ಟ ಮಕ್ಕಳು. ಮನೆಯ ಫೋನು ಅಂಗಡಿಯ ಗಲ್ಲಾದ ಪಕ್ಕದಲ್ಲಿ, ಗಲ್ಲಾದ ಮುಂದೆ ಸದಾ ಅತ್ತೆ. ಹೆತ್ತವಳ ಸಂಕಟಕ್ಕೆ ನ್ಯಾಯ ಹೇಳಲು ನಾನ್ಯಾರು? ಆದರೂ ನೆನೆಸಿಕೊಂಡರೆ ನನ್ನ ಹೊಟ್ಟೆ ಉರಿಯುತ್ತದೆ.

ಇನ್ನು ಮೆರವಣಿಗೆಯ ವಿಷಯ. ನಮ್ಮ ಊರಿನ ವಿಶ್ವವಿದ್ಯಾಲಯದ ಹುಡುಗರು ವರ್ಷಕ್ಕೊಮ್ಮೆ ಸಹಾಯಾರ್ಥ ಮೆರವಣಿಗೆ ನಡೆಸುತ್ತಾರೆ. ಒಂದೊಂದು ವಿಭಾಗದವರೂ ಒಂದೊಂದು ಲಾರಿಯ ಮೇಲೆ ಅರಮನೆ, ಹಡಗು, ಆನೆ ಎಂದು ಕಟ್ಟಿಕೊಂಡು ಹೊರಡುತ್ತಾರೆ, ದಾರಿಯುದ್ದಕ್ಕೂ ಡಬ್ಬಿ ಅಲ್ಲಾಡಿಸಿ ದುಡ್ಡೆತ್ತುತ್ತಾರೆ. ದುಡ್ಡು ನಮ್ಮಂಥ ನಿಲಯಗಳಿಗೆ, ಟ್ರೋಫಿ ಅವರಿಗೆ. ಎತ್ತರಕ್ಕೆ ಇಷ್ಟು ಅಂಕ, ವೇಷಕ್ಕೆ ಇಷ್ಟು, ಡಬ್ಬಿಯ ತೂಕಕ್ಕೆ ಇಷ್ಟು. ಲಾರಿಯ ಮೇಲೆ ಸಹಾಯ ಪಡೆಯುವ ಒಬ್ಬರನ್ನು ನಿಜವಾಗಿ ಕೂರಿಸಿಕೊಂಡರೆ ಅದಕ್ಕೂ ಅಂಕ. ಹಾಗಾಗಿ ಎಷ್ಟೋ ದಿನ ಮೊದಲೇ ನಮ್ಮ ನಿಲಯಕ್ಕೆ ಬಂದು, ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ನಮ್ಮವರನ್ನು ಆರಿಸುತ್ತಿದ್ದರು. ನಗುಮುಖದವರು ಮೊದಲು ಖರ್ಚಾಗುತ್ತಿದ್ದರು. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

ಡ್ರೈವರಣ್ಣ ಮಾತ್ರ ತಾವಾಗಿಯೇ ಕೈ ಎತ್ತುತ್ತಿದ್ದರು. ಅವರದು ಎರಡು ಷರತ್ತು: ಎಲ್ಲಕ್ಕಿಂತ ಎತ್ತರದ ಲಾರಿ ಬೇಕು, ಕುರ್ಚಿ ಎಡಕ್ಕೆ ಮುಖ ಮಾಡಿರಬೇಕು. ಹುಡುಗರು ಅವರನ್ನು ಮಹಾರಾಜ ಎಂದು ರೇಗಿಸುತ್ತಿದ್ದರು. ನೀಟಾಗಿ ಗಡ್ಡ ಹೆರೆಸಿಕೊಂಡು, ಮಗಳ ಮದುವೆಗೆ ಹೊಲಿಸಿದ್ದ ಕಂದು ಕೋಟು ತೊಟ್ಟು ಮೇಲೆ ಕೂತರೆ ಹಾಗೇ ಕಾಣುತ್ತಿದ್ದರು. ಕುರ್ಚಿ ಉರುಳದಂತೆ ಹಿಂದೆ ಬಗ್ಗಿ ಹಿಡಿದುಕೊಳ್ಳುವ ಸೇವಕಿ ನಾನು. ಈ ವಯಸ್ಸಿನಲ್ಲಿ ಇವರಿಗೆ ಮೆರೆಯುವ ಚಪಲ ಎಂದು ಮೊದಲನೇ ವರ್ಷ ನಾನೂ ಮೂಗು ಮುರಿದೆ.

ಎರಡನೇ ವರ್ಷ ಕಣ್ಣು ಬಿಟ್ಟು ನೋಡಿದೆ. ಪೇಟೆಬೀದಿಯ ಎಡಗಡೆಯ ಬಣ್ಣದ ಅಂಗಡಿಯ ಶಟರ್ ಎಳೆದಿತ್ತು. ಮಗ ಹೋದಮೇಲೆ ಸಾಲಾಗಿ ಬರುವ ಲಾರಿಗಳ ಸದ್ದು ತಡೆಯಲಾರದೆ ಬೀಗಿತ್ತಿ ಆ ದಿನ ಅಂಗಡಿ ಮುಚ್ಚಿ ಒಳಕೋಣೆ ಸೇರುತ್ತಿದ್ದರಂತೆ. ಮೇಲಿನ ಬಾಲ್ಕನಿಯಲ್ಲಿ ಒಬ್ಬಳು ಬಟ್ಟೆ ಒಣಹಾಕುತ್ತಿದ್ದಳು, ಹಾಕಿದ್ದನ್ನೇ ತೆಗೆದು ಮತ್ತೆ ಕೊಡವಿ ಹಾಕುತ್ತಿದ್ದಳು. ಲಾರಿ ಅವಳ ನೇರಕ್ಕೆ ಬಂದಾಗ ಡ್ರೈವರಣ್ಣ ಬಲಗೈಯನ್ನು ಕಿವಿಯವರೆಗೆ ಎತ್ತಿದರು. ಅವಳು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಳು. ಲಾರಿ ಮುಂದೆ ಹೋಯಿತು. ಬಾಲ್ಕನಿ ಮರೆಯಾಗುವವರೆಗೂ ಅವರು ಕತ್ತು ಹೊರಳಿಸಿ ನೋಡುತ್ತಿದ್ದರು. ವಾಪಸ್ ಬರುವಾಗ ಎಲ್ಲವನ್ನೂ ಹೇಳಿದರು. ವರ್ಷಕ್ಕೊಮ್ಮೆ ಅಷ್ಟು ಹೊತ್ತು ಮಗಳ ಮುಖ ನೋಡುವುದು, ಅದಕ್ಕಾಗಿಯೇ ಆ ಮನುಷ್ಯ ಜೀವ ಹಿಡಿದುಕೊಂಡಿದ್ದರು.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಮೆರವಣಿಗೆಯ ಮೇಲೆಯೇ ಜಗಳ ಎದ್ದಿತು. ಕಾನೂನು ವಿಭಾಗದ ಒಬ್ಬ ದಪ್ಪ ಕನ್ನಡಕದ ಹುಡುಗಿ ಇದೆಲ್ಲ ನಿಲ್ಲಬೇಕು ಎಂದಳು. ಹಿಂದಿನ ವರ್ಷ ಗೆದ್ದಿದ್ದ ಎಂಜಿನಿಯರಿಂಗ್ ವಿಭಾಗದ ಮುಖಂಡ ಸಂಪ್ರದಾಯ ಬಿಡಲಾಗದು ಎಂದ. ಅವನ ಬಾಯಲ್ಲಿ ಟ್ರೋಫಿ ಬಿಟ್ಟು ಬೇರೆ ಮಾತಿರಲಿಲ್ಲ, ನಾನು ಅವನಿಗೆ ಟ್ರೋಫಿ ಎಂದೇ ಹೆಸರಿಟ್ಟಿದ್ದೆ. ಕೊನೆಗೆ ಸಭಾಂಗಣದಲ್ಲಿ ಚರ್ಚೆ ಇಟ್ಟರು. ಸಹಾಯ ಪಡೆಯುವವರ ಅಭಿಪ್ರಾಯವೂ ಬೇಕಂತೆ, ಡ್ರೈವರಣ್ಣನನ್ನು ಕರೆಸಿದರು. ಮುಂದಿನ ಸಾಲಿನಲ್ಲಿ ಒಬ್ಬ ಪತ್ರಿಕೆಯವನು ಪೆನ್ನು ಬಿಚ್ಚಿಕೊಂಡು ಕೂತಿದ್ದ.

ಹುಡುಗಿ ಚೆನ್ನಾಗಿಯೇ ಮಾತಾಡಿದಳು. "ಒಬ್ಬರ ಕಷ್ಟಕ್ಕೆ ಅಂಕ ಕೊಡೋದು ನಾಚಿಕೆಗೇಡು. ಅವರನ್ನ ಮೇಲೆ ಕೂರಿಸಿ ನಾವು ಕೆಳಗೆ ಡಬ್ಬಿ ಅಲ್ಲಾಡಿಸಿದ್ರೆ ಅದು ಸಹಾಯ ಅಲ್ಲ, ಪ್ರದರ್ಶನ," ಎಂದಳು. ಪಾತ್ರೆ ಕುಕ್ಕುತ್ತ ನಾನು ಗೊಣಗುತ್ತಿದ್ದುದೂ ಇದನ್ನೇ. ಆದರೆ ಆವತ್ತು ಅವಳ ಬಾಯಿಗೆ ಬಟ್ಟೆ ತುರುಕೋಣ ಅನ್ನಿಸಿತು. ಟ್ರೋಫಿ ಎದ್ದು, ಎಷ್ಟು ಹಣ ಬರುತ್ತದೆ, ನಿಲಯಕ್ಕೆ ಏನೇನು ಕೊಡಿಸಿದ್ದೇವೆ ಎಂದು ಉದ್ದಕ್ಕೆ ಬಿಚ್ಚಿಟ್ಟ. ಕೊನೆಗೆ ಮೈಕನ್ನು ಡ್ರೈವರಣ್ಣನ ಮುಂದೆ ಹಿಡಿದರು. ನಿಮಗೇನು ಅನ್ನಿಸುತ್ತದೆ ಎಂದು ಕೇಳಿದರು.

ನಿಜ ಹೇಳಿಬಿಡಿ ಎಂದು ಹಿಂದಿನಿಂದ ಪಿಸುಗುಟ್ಟಿದೆ. ಅವರು ನನ್ನ ಮಣಿಕಟ್ಟು ಅದುಮಿದರು. ನಿಜ ಹೇಳಿದರೆ ಮರುದಿನದ ಪತ್ರಿಕೆಯನ್ನು ಬೀಗಿತ್ತಿ ಗಲ್ಲಾದ ಮುಂದೆ ಕೂತು ಓದುತ್ತಾರೆ, ಮಗಳ ಸಂಸಾರಕ್ಕೆ ಬೆಂಕಿ ಬೀಳುತ್ತದೆ. ಅದು ನನಗೂ ಗೊತ್ತಿತ್ತು.

"ನನಗೆ ಮೇಲೆ ಕೂರೋದು ಇಷ್ಟ. ಗಾಳಿ ಚೆನ್ನಾಗಿ ಬರುತ್ತೆ," ಎಂದರು.

ಸಭಾಂಗಣವೆಲ್ಲ ನಕ್ಕಿತು. ಆ ಹುಡುಗಿ ಮಾತ್ರ ನಗಲಿಲ್ಲ. ಕುರ್ಚಿಯ ಹತ್ತಿರ ಬಂದು ಮಂಡಿಯೂರಿ, ನೀವು ಯಾರಿಗೂ ಹೆದರಬೇಕಾಗಿಲ್ಲ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಒಳ್ಳೆಯ ಹುಡುಗಿ, ಬಯ್ಯಲೂ ಬಾಯಿ ಬರಲಿಲ್ಲ.

ಎರಡೂ ಕಡೆಯವರು ರಾಜಿಯಾದರು. ಮೆರವಣಿಗೆ ಇರುತ್ತದೆ, ಲಾರಿಯ ಮೇಲೆ ನಮ್ಮವರು ಇರುವುದಿಲ್ಲ, ಬೇಕಾದರೆ ಬೊಂಬೆ ಕೂರಿಸಿಕೊಳ್ಳಬಹುದು. ನಮ್ಮವರು ಮೈದಾನದ ಮುಂದಿನ ಸಾಲಿನಲ್ಲಿ ಗೌರವದ ಅತಿಥಿಗಳು. ಅಂಕಪಟ್ಟಿಯಲ್ಲಿ ಹಳೆಯದನ್ನು ಹೊಡೆದುಹಾಕಿ ಅದರ ಜಾಗದಲ್ಲಿ ಘನತೆ ಎಂದು ಸೇರಿಸಿದರು. ಘನತೆಗೆ ಇಪ್ಪತ್ತು ಅಂಕ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೆರವಣಿಗೆ ಹತ್ತಿರ ಬಂದಾಗ ಟ್ರೋಫಿ ನಿಲಯಕ್ಕೆ ಬಂದ. ಬೊಂಬೆ ನಿಜದ ಥರ ಕಾಣಲಿ ಎಂದು ಡ್ರೈವರಣ್ಣನ ಕೋಟು ಕೇಳಿದ. ನಾನು ಮುಖ ಗಂಟಿಕ್ಕಿಕೊಂಡೆ, ಅವರು ಮಾತ್ರ ಖುಷಿಯಿಂದ ಬಿಚ್ಚಿಕೊಟ್ಟರು. ಬೊಂಬೆಯ ಮುಖ ಎಡಕ್ಕಿರಲಿ, ಬಲಗೈ ಕಿವಿಯವರೆಗೆ ಎತ್ತಿರಲಿ ಎಂದು ಕೈ ಎತ್ತಿ ತೋರಿಸಿದರು. ಅವನು ಹೋದಮೇಲೆ ನನಗೆ, "ಕೋಟು ನೋಡಿದ್ರೆ ಸಾಕು, ಅವಳಿಗೆ ಗೊತ್ತಾಗುತ್ತೆ. ಬರೋಕೆ ಬಿಡಲಿಲ್ಲ, ಆದ್ರೆ ಅಪ್ಪ ಮರೆತಿಲ್ಲ ಅಂತ," ಎಂದರು. ನನಗೂ ಅದು ಸರಿ ಅನ್ನಿಸಿತು.

ಆ ದಿನ ನಾವು ಕೈಯಲ್ಲಿ ಹೂಗುಚ್ಛ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದೆವು. ಡೋಲು, ಕುಣಿತ ಎಲ್ಲ ಮಾಯವಾಗಿತ್ತು. ಘನತೆಗಾಗಿ ಪೈಪೋಟಿ ನಡೆಯುತ್ತಿತ್ತಲ್ಲ, ಒಬ್ಬರಿಗಿಂತ ಒಬ್ಬರು ಗಂಭೀರ. ಎಂಜಿನಿಯರಿಂಗ್ ವಿಭಾಗದ ಲಾರಿ ಎಲ್ಲರನ್ನೂ ಮೀರಿಸಿತ್ತು. ಲಾರಿಯ ತುಂಬ ಬಿಳಿ ಬಟ್ಟೆ, ಸುತ್ತ ಸಾಲು ಮೇಣದಬತ್ತಿ, ಬಿಳಿ ಉಡುಪಿನ ಹುಡುಗರು ತಲೆ ತಗ್ಗಿಸಿ ಸದ್ದಿಲ್ಲದೆ ಹೆಜ್ಜೆ ಹಾಕುತ್ತಿದ್ದರು. ನಡುವೆ ಗಾಲಿಕುರ್ಚಿಯಲ್ಲಿ ಕಂದು ಕೋಟಿನ ಬೊಂಬೆ. ಎತ್ತಿದ ಕೈ ನಿಲ್ಲದೆ ಬಿದ್ದುಹೋಗುತ್ತಿತ್ತು ಎಂದು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ, ಕಾಲಿನ ಬಳಿ ಹೂ ಸುರಿದಿದ್ದರು.

"ತಂಗಿ, ಇದು ಹೆಣದ ಗಾಡಿ ಥರ ಇದೆಯಲ್ಲ," ಎಂದರು ಡ್ರೈವರಣ್ಣ. ಬಾಲ್ಕನಿಯಿಂದ ಮಗಳು ಇದನ್ನು ನೋಡಿದರೆ ಏನಂದುಕೊಂಡಾಳು? ಎದ್ದು ಓಡಿದೆ. ಲಾರಿ ಗೇಟು ದಾಟಿ ಜನರ ನಡುವೆ ಸೇರಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಟ್ರೋಫಿಯ ತೋಳು ಹಿಡಿದು, ಕೋಟಾದರೂ ತೆಗೆಯಿರಿ ಎಂದೆ. ತೀರ್ಪುಗಾರರು ದಾರಿಯಲ್ಲೇ ಇದ್ದಾರೆ ಆಯಮ್ಮ, ಈಗ ಮುಟ್ಟುವ ಹಾಗಿಲ್ಲ ಎಂದು ಕೈ ಬಿಡಿಸಿಕೊಂಡ. ಘನತೆಗೆ ಅವರಿಗೆ ಇಪ್ಪತ್ತಕ್ಕೆ ಇಪ್ಪತ್ತು ಬಂತು.

ಸಂಜೆ ಮಗಳು ಬಂದಳು. ಚಪ್ಪಲಿಯೂ ಇಲ್ಲದೆ, ಕೆದರಿದ ತಲೆಯಲ್ಲಿ. ಬಾಗಿಲಲ್ಲಿ ನನ್ನನ್ನು ತಡೆದು, ಎಲ್ಲಿ ಮಲಗಿಸಿದ್ದೀರಿ ಎಂದು ಕೇಳಿದಳು. ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಅಪ್ಪ ಕೂತಿದ್ದನ್ನು ನೋಡಿ ಹತ್ತಿರ ಓಡಿದಳು. ಆಮೇಲೆ ಅವರ ಕಾಲುಗಳನ್ನು ತಬ್ಬಿಕೊಂಡು ಅತ್ತಳು. ಕಾಲಿಗೆ ಅದೊಂದೂ ತಿಳಿಯುವಂತಿರಲಿಲ್ಲ. ಅವರು ಬಗ್ಗಿ ಅವಳ ತಲೆ ಸವರುತ್ತಲೇ ಇದ್ದರು. ನಾನು ಬಾಗಿಲು ಮುಂದೆ ಮಾಡಿ ಹೊರಗೆ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಒಳಗೆ ಕರೆದರು. ಮಗಳು ಬಟ್ಟೆ ತೆಗೆಯಲು ಬಾಲ್ಕನಿಗೆ ಹೋಗಿದ್ದಾಗ ಲಾರಿ ನೋಡಿ, ಅಪ್ಪನ ಹೆಣವೆಂದುಕೊಂಡು ಚೀರಿದಳಂತೆ. ಅತ್ತೆ ಓಡಿ ಬಂದು, ವಿಷಯ ಕೇಳಿ, ಹೋಗಿ ಬಾ ಎಂದು ತಾವೇ ಆಟೋ ಕರೆಸಿದರಂತೆ. ಈಗ ಬದುಕಿದ್ದಾರೆ ಎಂದು ಅತ್ತೆಗೆ ಹೇಗೆ ಹೇಳುವುದು? ಅಪ್ಪನನ್ನು ನೋಡಲು ಸಾವಿನ ನಾಟಕ ಆಡಿದಳು ಎನ್ನುತ್ತಾರೆ, ಬಾಲ್ಕನಿಗೂ ಬೀಗ ಬೀಳುತ್ತದೆ. ಹೇಳಿದರೂ ಕಷ್ಟ, ಬಿಟ್ಟರೂ ಕಷ್ಟ ಎಂದು ಅವಳು ಕೈ ಹಿಸುಕಿಕೊಳ್ಳುತ್ತಿದ್ದಳು.

"ಅಪ್ಪ ಹೋದ ಅಂತಾನೇ ಹೇಳಮ್ಮ. ನಿಲಯದವರೇ ಎಲ್ಲ ಮುಗಿಸಿಬಿಟ್ಟಿದ್ರು ಅಂತ ಹೇಳು," ಎಂದರು ಡ್ರೈವರಣ್ಣ. ಅವಳು ಒಪ್ಪಲಿಲ್ಲ. ಅವರು ಲಾರಿ ಡ್ರೈವರಿನ ಹಳೆಯ ಗದರುವ ದನಿ ತೆಗೆದರು. ಅವಳು ಎದ್ದು ಹೋದಳು. ಅವರು ಆ ರಾತ್ರಿ ಊಟ ಮಾಡಲಿಲ್ಲ, ನಾನೂ ಬಲವಂತ ಮಾಡಲಿಲ್ಲ.

ಮುಂದಿನ ವರ್ಷ ಕನ್ನಡಕದ ಹುಡುಗಿ ಮತ್ತು ಟ್ರೋಫಿ ಇಬ್ಬರೂ ಜೊತೆಯಾಗಿ ಬಂದರು. ಮತ್ತೆ ಚರ್ಚೆ ನಡೆಸಿದ್ದರಂತೆ. ಗಾಳಿ ಚೆನ್ನಾಗಿ ಬರುತ್ತದೆ ಎಂದದ್ದು ಅವಳ ಮನಸ್ಸಿನಲ್ಲೇ ಕೊರೆಯುತ್ತಿತ್ತಂತೆ. ಇಷ್ಟವಿದ್ದವರು ಲಾರಿ ಹತ್ತಬಹುದು, ಎತ್ತರದ ಲಾರಿ ನಿಮಗೇ, ಎಡಕ್ಕೇ ಕೂರಿಸುತ್ತೇವೆ ಎಂದಳು. ಡ್ರೈವರಣ್ಣ ಬೇಡ ಎಂದರು. ಸತ್ತವನು ಪೇಟೆಬೀದಿಯಲ್ಲಿ ಲಾರಿಯ ಮೇಲೆ ಹೋಗುವುದು ಹೇಗೆ? ಹುಡುಗಿ ಅದನ್ನು ಸ್ವಾಭಿಮಾನ ಎಂದುಕೊಂಡಳು, ಅವರ ಕೈ ಹಿಡಿದು, ನಿಮ್ಮಿಂದ ಕಲಿಯಬೇಕು ಎಂದಳು. ನಾನು ಸೆರಗು ಕಚ್ಚಿಕೊಂಡು ಒಳಗೆ ಹೋದೆ.

ಅದಾದ ಮೇಲೆ ನಿಲಯದ ಗೋಡೆಗೆ ಬಣ್ಣ ಬೇಕಾಯಿತು. ವಾರ್ಡನ್ ನನ್ನನ್ನೇ ಪೇಟೆಗೆ ಕಳಿಸಿದರು. ಬೇರೆ ಅಂಗಡಿಗೆ ಹೋಗಬಹುದಿತ್ತು, ಕಾಲು ಅಲ್ಲಿಗೇ ಎಳೆಯಿತು. ಗಲ್ಲಾದ ಹಿಂದಿನ ಗೋಡೆಯಲ್ಲಿ ತೀರಿಹೋದ ಮಗನ ಫೋಟೋ, ಪಕ್ಕದಲ್ಲಿ ಕಂದು ಕೋಟು ತೊಟ್ಟ ಡ್ರೈವರಣ್ಣನ ಫೋಟೋ. ನಿಲಯದ ಹೆಸರಿಗೆ ರಸೀದಿ ಬರೆಯಿರಿ ಎಂದ ಕೂಡಲೇ ಗಲ್ಲಾದಲ್ಲಿದ್ದ ಮುದುಕಿ ಬೀಗಿತ್ತಿ ಪೆನ್ನು ಕೆಳಗಿಟ್ಟರು. ಅವರನ್ನು ನೋಡಿಕೊಂಡವಳು ನೀನೇನಾ ಎಂದು ಕೇಳಿದರು. ಹೌದು ಎಂದೆ. ತುಂಬ ನರಳಿದರಾ ಎಂದರು. ಇಲ್ಲ ಎಂದೆ.

"ಬ್ರೇಕ್ ಸರಿ ಇಲ್ಲ, ಇವತ್ತು ಹೊರಡಲ್ಲ ಅಂದಿದ್ರು ಅವರು. ಹೋಗಲೇಬೇಕು ಅಂತ ಕಳಿಸಿದ್ದು ನಾನು. ಅವರು ಯಾರ ಹತ್ರನೂ ಬಾಯಿ ಬಿಡಲಿಲ್ಲ," ಎಂದರು ಮುದುಕಿ. "ಬದುಕಿದ್ದಾಗ ಒಂದ್ಸಲ ಹೋಗಿ ಹೇಳಬೇಕಿತ್ತು."

ಬದುಕಿದ್ದಾರೆ ಎನ್ನುವ ಮಾತು ತುಟಿಯವರೆಗೆ ಬಂತು. ಮೆಟ್ಟಿಲ ಮೇಲೆ ಮಗಳು ನೀರಿನ ಲೋಟ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದಳು. ನುಂಗಿಕೊಂಡೆ. ಡಬ್ಬ ಎತ್ತಿಕೊಂಡು ಬಂದುಬಿಟ್ಟೆ.

ನಿಲಯಕ್ಕೆ ಬಂದವಳು ಎಲ್ಲವನ್ನೂ ಹೇಳಿದೆ. ನಿಮಗೆ ಮೊದಲೇ ಗೊತ್ತಿದ್ದರೂ ಯಾಕೆ ಸುಮ್ಮನಿದ್ದಿರಿ, ಯಾರಿಗಾಗಿ ಈ ಗತಿ ತಂದುಕೊಂಡಿರಿ ಎಂದು ಬಾಯಿಗೆ ಬಂದಂತೆ ಬಯ್ದೆ. ಮಗನನ್ನು ಕಳೆದುಕೊಂಡವರ ತಲೆಗೆ ಆ ತಪ್ಪನ್ನೂ ಕಟ್ಟಲೇ ಎಂದು ಕೇಳಿದರು, ಅಷ್ಟೇ. ನಾನು ಅಳುತ್ತಿದ್ದೆ.

"ನಾನು ಬದುಕಿದ್ದಿದ್ರೆ ಅವರು ಹೇಳ್ತಾನೇ ಇರಲಿಲ್ಲ ಬಿಡು ತಂಗಿ," ಎಂದರು. "ಈಗ ನನ್ನ ಮಗಳನ್ನ ಚೆನ್ನಾಗಿ ನೋಡ್ಕೊತಾರೆ."

ಕಿಟಕಿ ಮುಚ್ಚು ಎಂದರು. ಯಾರಾದರೂ ರಸ್ತೆಯಿಂದ ನೋಡಿ ಗುರುತು ಹಿಡಿದರೆ ಕಷ್ಟ ಎಂದರು. ಮುಚ್ಚಿದೆ.